ಸಿಂಗಟಗೆರೆಯ ಹುಲ್ಲು ಕಾರು

ಹುಲ್ಲು ಕೊಯ್ಯಲು ಕಾರು ಬೇಕೆಂದು ಮನುಷ್ಯನಿಗೆ ಮೊದಲು ಅನ್ನಿಸಿದ್ದು ಯಾವ ದೇಶದಲ್ಲೋ ನನಗೆ ತಿಳಿಯದು. ನಮ್ಮ ಕಡೂರು ಸೀಮೆಯಲ್ಲಿ ಆ ಕೆಲಸವನ್ನು ದನಗಳು ಅನಾದಿ ಕಾಲದಿಂದ, ಪೆಟ್ರೋಲಿಲ್ಲದೆ, ಬ್ಯಾಟರಿಯಿಲ್ಲದೆ, ಯಾವ ಮೇಸ್ತ್ರಿಯ ಹಂಗೂ ಇಲ್ಲದೆ ಮಾಡಿಕೊಂಡು ಬಂದಿವೆ. ಆದ್ದರಿಂದ ಎಂಬತ್ತರ ದಶಕದ ಮೊದಲಿನಲ್ಲಿ ಸಿಂಗಟಗೆರೆಯ ಯಜಮಾನರೊಬ್ಬರು ಕೋಲೂರಿಕೊಂಡು ನನ್ನ ಅಂಗಡಿಯ ಮೆಟ್ಟಿಲು ಹತ್ತಿ, "ಮೇಸ್ತ್ರೀ, ನಮ್ಮನೇಲಿ ಒಂದು ಹುಲ್ಲು ಕಾರೈತೆ, ಸೆಲ್ಫ್ ಎತ್ತಲ್ಲ" ಎಂದಾಗ ನಾನು ಅವರ ಕಾಲಿನ ಜೊತೆಗೆ ತಲೆಗೂ ಏನಾದರೂ ಪೆಟ್ಟಾಗಿದೆಯೇ ಎಂದು ನೋಡಿದೆ.

ನನ್ನದು ಕಡೂರು ಬಸ್ ಸ್ಟ್ಯಾಂಡಿನ ಹಿಂದೆ, ಇಂಜಿನ್ನು ಎಬ್ಬಿಸುವ ಸೆಲ್ಫ್ ಮೋಟಾರು, ಡೈನಮೋ ರಿಪೇರಿ ಮಾಡಿ ಬ್ಯಾಟರಿಗೆ ಚಾರ್ಜು ಕೊಡುವ ಅಂಗಡಿ. ಲಾರಿ, ಬಸ್ಸು, ಟ್ರ್ಯಾಕ್ಟರು, ಒಮ್ಮೆ ಒಂದು ನಾಟಕ ಕಂಪನಿಯ ಜನರೇಟರು, ಇಷ್ಟನ್ನು ಕಂಡಿದ್ದೆ.

"ಹುಲ್ಲು ಕಾರು ಅಂದ್ರೆ ಏನು ಯಜಮಾನ್ರೇ?"

"ಕುಂತ್ಕಂಡು ಹೋಗೋದು. ಹೊಟ್ಟೆ ಕೆಳಗೆ ಕತ್ತಿ ತಿರುಗ್ತದೆ. ಹೋಯ್ತಾ ಹೋಯ್ತಾ ಹುಲ್ಲು ಸವರ್ತದೆ."

"ಓಡ್ತದಾ?"

"ಓಡಿದ್ರೆ ನಿಮ್ ಹತ್ರ ಯಾಕ್ರೀ ಬತ್ತಿದ್ದೆ? ಅದ್ರ ಮೇಲೇ ಕುಂತು ಚಿಕ್ಕಮಗಳೂರಿಗೆ ಹೋಗ್ತಿದ್ದೆ."

ಹೆಬ್ಬೆ ಕಡೆಯ ಒಂದು ಕಾಫಿ ಎಸ್ಟೇಟಿನ ಬಂಗಲೆ ಮುಂದಿನ ಹುಲ್ಲುಹಾಸಿಗೆಂದು ಯಾವನೋ ದೊರೆ ಸಮುದ್ರದಾಚೆಯ ಸೀಮೆಯಿಂದ ತರಿಸಿದ್ದ ಯಂತ್ರವಂತೆ. ದೊರೆ ಹೋದ, ಹುಲ್ಲುಹಾಸೂ ಹೋಯಿತು. ಯಂತ್ರ ಮಾತ್ರ ಕೈಯಿಂದ ಕೈಗೆ ಇಳಿದು ತರೀಕೆರೆಯ ಒಂದು ಗುಜರಿ ಅಂಗಡಿಯ ಮುಂದೆ ನಿಂತಿತ್ತು. ಯಜಮಾನರು ಯಾರದೋ ಮದುವೆಗೆ ಹೋದವರು ಅದನ್ನು ಕಂಡು, ಊಟಕ್ಕೂ ಕೂರದೆ ವ್ಯಾಪಾರ ಮುಗಿಸಿದ್ದರು.

ಅದಕ್ಕೆ ಕಾರಣವಿತ್ತು. ಎತ್ತಿನ ಗಾಡಿ ಮಗುಚಿ ಅವರ ಎಡಗಾಲು ಜಜ್ಜಿಹೋಗಿತ್ತು. ಕೋಲು ಹಿಡಿದು ಜಗಲಿಯಿಂದ ಅಂಗಳಕ್ಕೆ, ಅಂಗಳದಿಂದ ಬಸ್ಸಿಗೆ ಬರುತ್ತಿದ್ದರೇ ಹೊರತು ಮೊಣಕಾಲುದ್ದ ಹುಲ್ಲು ಬೆಳೆದ, ಪಾತಿ ತಗ್ಗುಗಳ ತೆಂಗಿನ ತೋಟದೊಳಗೆ ಕಾಲಿಡಲಾಗುತ್ತಿರಲಿಲ್ಲ. ತೋಟದ ಉಸ್ತುವಾರಿಯನ್ನು ತಮ್ಮನಿಗೆ ವಹಿಸಿಬಿಡು ಎಂದು ಮನೆಯ ಹಿರಿಯರು ಒತ್ತಾಯಿಸುತ್ತಿದ್ದರು. ಇವರು, "ಆಯುಧ ಪೂಜೆ ಹೊತ್ತಿಗೆ ನಾನೇ ತೋಟ ಒಂದ್ ಸುತ್ತು ಹೊಡೀದೇ ಇದ್ರೆ ಅವ್ನಿಗೇ ಕೊಟ್ಟು ಜಗಲಿ ಮೇಲೆ ಕುಂತ್ಕತ್ತೀನಿ" ಎಂದು ಎಲ್ಲರೆದುರು ಮಾತು ಕೊಟ್ಟಿದ್ದರು. ಹಬ್ಬ ಹತ್ತಿರವಿತ್ತು. ಒಬ್ಬ ಮನುಷ್ಯನ ತೋಟ ಒಂದು ಸೆಲ್ಫಿನ ಮೇಲೆ ನಿಂತಿದೆ ಎಂದು ಗೊತ್ತಾದ ಮೇಲೆ ಇಲ್ಲವೆನ್ನುವುದು ಹೇಗೆ? ಚೀಲಕ್ಕೆ ಟೆಸ್ಟ್ ಲ್ಯಾಂಪು, ಹೈಡ್ರೋಮೀಟರು, ಎಮರಿ ಕಾಗದ, ಸ್ಕ್ರೂ ಡ್ರೈವರುಗಳನ್ನು ಹಾಕಿಕೊಂಡು ಸಿಂಗಟಗೆರೆ ಬಸ್ಸು ಹತ್ತಿದೆ.

ಯಂತ್ರರಾಜ ಕೊಟ್ಟಿಗೆಯಲ್ಲಿ ಬಿಜಯಂಗೈದಿದ್ದ. ಬಲಕ್ಕೆ ಒಂದು ಎಮ್ಮೆ, ಎಡಕ್ಕೆ ಜೋಡಿ ಎತ್ತು. ಮೂರೂ ಅದನ್ನು ತಮ್ಮ ಅನ್ನಕ್ಕೆ ಕಲ್ಲು ಹಾಕಲು ಬಂದವನಂತೆ ನೋಡುತ್ತಿದ್ದವು. ಕೆಂಪು ಬಣ್ಣ ಹಾರಿ ತುಕ್ಕು ಕಾಣುತ್ತಿದ್ದರೂ ಗತ್ತು ಹೋಗಿರಲಿಲ್ಲ. ಮುಂದೆ ಪುಟ್ಟ ಬಾನೆಟ್ಟು, ಎರಡು ದೀಪ, ಸ್ಟೇರಿಂಗು. ಹೊಟ್ಟೆಯ ಕೆಳಗೆ ದೊಡ್ಡ ತಟ್ಟೆ ಬೋರಲು ಹಾಕಿದಂತೆ ಒಂದು ತಗಡು, ಅದರೊಳಗೆ ಕತ್ತಿ. ಹಿಂದೆ ಬೆನ್ನೊರಗುವ ಸೀಟು. ಸೀಟಿನ ಮೇಲೆ ಅರಿಶಿನ ಮುಟ್ಟಿಸಿದ ಹೊಸ ಪಂಚೆ ಹೊದಿಸಿ, ವೀಳ್ಯದೆಲೆಯ ಮೇಲೆ ಒಂದು ತೆಂಗಿನಕಾಯಿ ಇಟ್ಟಿದ್ದರು.

ಯಜಮಾನರ ಹೆಂಡತಿ ಕಾಫಿ ತಂದು ಕೊಟ್ಟು ಕಾನೂನು ತಿಳಿಸಿದರು. "ಮೇಸ್ತ್ರಣ್ಣ, ಏನ್ ಬೇಕಾದ್ರೂ ಬಿಚ್ಚಿ, ಏನ್ ಬೇಕಾದ್ರೂ ಕಟ್ಟಿ. ಆ ಸೀಟಿನ ಮೇಲೆ ಮಾತ್ರ ಯಾರೂ ಕೂರಬಾರ್ದು. ಹಬ್ಬದ ದಿನ ಪೂಜೆ ಆಗ್ಬೇಕು, ಮೊದ್ಲು ಇವ್ರು ಕೂರ್ಬೇಕು. ಆಮೇಲೆ ಮಿಕ್ಕೋರು."

ನನಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಮನೆಗೆ ಬಂದ ಗಾಡಿಯ ಸೀಟಿನಲ್ಲಿ ಪೂಜೆಗೆ ಮುಂಚೆ ರಿಪೇರಿಯವನು ಹೋಗಿ ಕೂತರೆ ಅದು ಮದುವೆ ಹಸೆಯ ಮೇಲೆ ವಾಲಗದವನು ಕೂತ ಹಾಗೆ. ನಾವೆಲ್ಲ ಪಕ್ಕದಲ್ಲಿ ನಿಂತು, ಕೈ ತೂರಿಸಿ ಕೀಲಿ ತಿರುಗಿಸಿ ಪಳಗಿದವರು. ಹಾಗೆಯೇ ನಿಂತು ತಿರುಗಿಸಿದೆ. ಯಂತ್ರ ಉಸಿರೆತ್ತಲಿಲ್ಲ.

ಉಸಿರಿರುವುದು ಸಾಧ್ಯವೂ ಇರಲಿಲ್ಲ. ಬ್ಯಾಟರಿಯ ನೀರು ಬತ್ತಿ, ಒಳಗಿನ ಪ್ಲೇಟುಗಳ ಮೇಲೆ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು. ಬಸ್ಸಿನ ಮೇಲೆ ಹಾಕಿಸಿಕೊಂಡು ಕಡೂರಿಗೆ ತಂದು ನಿಧಾನವಾಗಿ ಚಾರ್ಜು ಕೊಟ್ಟು ನೋಡಿದೆ. ಬೆಳಿಗ್ಗೆ ಹೈಡ್ರೋಮೀಟರು ಅದ್ದಿದರೆ ಒಂದು ಸೆಲ್ಲಿನಲ್ಲಿ ಗುಂಡು ತಳ ಬಿಟ್ಟು ಏಳಲೇ ಇಲ್ಲ. ಸತ್ತವರ ನಾಡಿ ಎಷ್ಟು ಹಿಡಿದರೂ ಅಷ್ಟೇ. ಒಂದು ಕಾರಿನ ಬ್ಯಾಟರಿ ಹೊಂದಿಸಿ ತೆಗೆದುಕೊಂಡು ಹೋದೆ. ಅದು ಯಂತ್ರದ ಬ್ಯಾಟರಿ ಗೂಡಿನಲ್ಲಿ ಕೂರದೆ ಅರ್ಧ ಹೊರಗೆ ನಿಂತಾಗ ಯಜಮಾನರ ತಮ್ಮ ತೆಂಗಿನ ಹುರಿ ಹೊಸೆದು ತಂದು ಬಿಗಿದು ಕಟ್ಟಿದ. ಕಟ್ಟುತ್ತಾ, "ಸೀಮೆ ಕಾರಿಗೆ ಸಿಂಗಟಗೆರೆ ಉಡಿದಾರ" ಎಂದ. ಅವನು ಗಟ್ಟಿ ಆಳು, ಗಟ್ಟಿ ಬಾಯಿ. ಅಣ್ಣನ ಈ ಹುಚ್ಚು ಅವನಿಗೆ ಹಿಡಿಸಿರಲಿಲ್ಲವೆಂಬುದನ್ನು ಮುಚ್ಚಿಡುವ ಗೋಜಿಗೂ ಹೋಗಿರಲಿಲ್ಲ.

ಟರ್ಮಿನಲ್ಲುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಬಿಸಿನೀರಿಗೆ ಸೋಡಾ ಹಾಕಿ ತೊಳೆದು, ಎಮರಿ ಉಜ್ಜಿ, ಗ್ರೀಸು ಸವರಿದೆ. ಅರ್ಥ್ ತಂತಿ ಚಾಸಿಗೆ ಕೂಡುವ ಜಾಗದಲ್ಲಿ ತುಕ್ಕಿನ ಪದರವೇ ಇತ್ತು. ಬೆಳ್ಳಿಯಂತೆ ಹೊಳೆಯುವವರೆಗೆ ಕೆರೆದು ಬಿಗಿಮಾಡಿದೆ. ಫ್ಯೂಸು ಸುಟ್ಟಿತ್ತು, ಬದಲಿಸಿದೆ. ದೀಪದ ಸ್ವಿಚ್ಚು ಒತ್ತಿದಾಗ ಎರಡೂ ದೀಪ ಹತ್ತಿ ಎಮ್ಮೆಯ ಮುಖದ ಮೇಲೆ ಬೆಳಕು ಬಿತ್ತು. ಎಮ್ಮೆ ಹಗ್ಗ ಕಿತ್ತುಕೊಳ್ಳುವಷ್ಟು ಹಿಂದಕ್ಕೆ ಸರಿಯಿತು.

"ಅಣ್ಣಾ, ಕೂಸು ಕಣ್ ಬಿಡ್ತು!" ಎಂದ ತಮ್ಮ. "ಇನ್ನೇನು, ಅಂಬೆಗಾಲು ಒಂದು ಬಾಕಿ."

"ನೀನೂ ಹಂಗೇ ಬಿಟ್ಟಿದ್ದು ಕಣೋ. ಸುಮ್ನಿರು" ಎಂದರು ಯಜಮಾನರು.

ಪಕ್ಕದಲ್ಲಿ ನಿಂತು ಕೀಲಿ ತಿರುಗಿಸಿದೆ. ಏನೂ ಇಲ್ಲ. ಬ್ಯಾಟರಿ ಇಳಿದಿದ್ದರೆ ಕೊನೆಗೆ ಟಕ್ ಎಂಬ ಸದ್ದಾದರೂ ಬರಬೇಕು, ಅದೂ ಇಲ್ಲ. ಸೆಲ್ಫಿಗೆ ದಪ್ಪ ಕರೆಂಟು ಕೊಡುವ ಸ್ವಿಚ್ಚಿನ ಎರಡು ಬೋಲ್ಟುಗಳಿಗೆ ಸ್ಕ್ರೂ ಡ್ರೈವರು ಅಡ್ಡ ಹಿಡಿದೆ. ಕಿಡಿ ಹಾರಿ, ಸೆಲ್ಫ್ ಗರ್ರೆಂದು ತಿರುಗಿ ಇಂಜಿನ್ನನ್ನೂ ತಿರುಗಿಸಿತು. ಎಲ್ಲರ ಮುಖ ಅರಳಿತು. ಆದರೆ ಇಂಜಿನ್ನು ತಿರುಗಿತೇ ಹೊರತು ಹತ್ತಿಕೊಳ್ಳಲಿಲ್ಲ. ಪ್ಲಗ್ಗು ಬಿಚ್ಚಿ ಇಂಜಿನ್ನಿನ ಮೈಗೆ ತಾಗಿಸಿ ನೋಡಿದರೆ ಕಿಡಿಯಿಲ್ಲ.

ಇದು ನನ್ನನ್ನು ಪೇಚಿಗೆ ಸಿಕ್ಕಿಸಿತು. ಸೆಲ್ಫು ಗಟ್ಟಿಯಾಗಿದೆ, ಆದರೆ ಕೀಲಿಯ ಮಾತು ಅದಕ್ಕೆ ಮುಟ್ಟುತ್ತಿಲ್ಲ. ಇಂಜಿನ್ನು ಗಟ್ಟಿಯಾಗಿದೆ, ಆದರೆ ಅದಕ್ಕೆ ಕಿಡಿ ಸಿಗುತ್ತಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕಾಯಿಲೆ ಒಂದೇ ಮೈಯಲ್ಲಿ. ಮೊದಲು ಕಿಡಿಯ ಕಡೆ ಹೊರಟೆ. ಫ್ಲೈವೀಲು ಎಳೆದು ಪಾಯಿಂಟು ಉಜ್ಜಿ ಸಂದು ಸರಿಮಾಡಿದೆ. ಕಿಡಿಯಿಲ್ಲ. ತರೀಕೆರೆಗೆ ಹೋಗಿ, ಅಳತೆಗೆ ಹೊಂದುವ ಕಂಡೆನ್ಸರು ಹುಡುಕಿ ತಂದು ಹಾಕಿದೆ. ಕಿಡಿಯಿಲ್ಲ. ಪ್ಲಗ್ಗು ಹೊಸದು ಹಾಕಿದೆ. ಅದು ಹೊಸದಾಗಿ ಸುಮ್ಮನಿತ್ತು. ಪ್ರತಿ ಸಲವೂ ನಾನು ಕೈಮುಗಿಯುವಂತೆ ಬಗ್ಗಿ, ತೆಂಗಿನಕಾಯಿಗೆ ತಗಲದಂತೆ ತೋಳು ಚಾಚಿ, ಕೀಲಿ ತಿರುಗಿಸುತ್ತಿದ್ದೆ. ಅಷ್ಟು ಮರ್ಯಾದೆಯನ್ನು ನಾನು ಯಾವ ಅಮಲ್ದಾರರಿಗೂ ಕೊಟ್ಟವನಲ್ಲ.

ಕೊನೆಗೆ ಅಜ್ಜಂಪುರದ ನನ್ನ ಗೆಳೆಯನನ್ನು ಕರೆಸಿದೆ. ಅವನು ಟ್ರ್ಯಾಕ್ಟರ್ ಮೆಕ್ಯಾನಿಕ್ಕು. ಇಂಜಿನ್ನು ಅವನದು, ಕರೆಂಟು ನನ್ನದು ಎಂದು ನಮ್ಮಲ್ಲಿ ಹಳೆಯ ಒಪ್ಪಂದ. ಬಂದವನೇ ಸೊಂಟದ ಮೇಲೆ ಕೈಯಿಟ್ಟು ಸುತ್ತು ಹಾಕಿದ.

"ಇದೇನ್ಲಾ ಇದು, ಟ್ರ್ಯಾಕ್ಟರು ಹಾಕಿದ ಮರಿನಾ?"

"ಮರಿ ಅಂತ ಸಸಾರ ಮಾಡ್ಬೇಡ ಕಣೋ. ನನ್ನನ್ನ ಮಣ್ಣು ಮುಕ್ಕಿಸೈತೆ."

"ಕೊಟ್ಟಿಗೇಲಿ ಕತ್ಲೆ. ಹೊರಗೆ ತಳ್ಳಿ."

ಅಂಗಳ ತೋಟದ ಕಡೆಗೆ ಇಳಿಜಾರು. ಗಾಡಿ ಉರುಳದಿರಲೆಂದು ಗೆಳೆಯ ಅದನ್ನು ಗೇರಿಗೆ ಹಾಕಿದ. ಇಳಿಜಾರಿನಲ್ಲಿ ನಿಂತ ಗಾಡಿಯನ್ನು ಗೇರಿಗೆ ಹಾಕುವುದು ನಮ್ಮ ಕಡೆ ದೇವರಿಗೆ ದೀಪ ಹಚ್ಚಿದಷ್ಟು ಸಹಜ. ಪಕ್ಕದಲ್ಲಿ ಕೈಯಲ್ಲಿ ಎಳೆಯುವ ಇನ್ನೊಂದು ಸನ್ನೆ, ಎಂದರೆ ಲಿವರು, ಇತ್ತು. "ಇದು ಹ್ಯಾಂಡ್ ಬ್ರೇಕು" ಎಂದು ತೀರ್ಮಾನಿಸಿ ಅದನ್ನೂ ಬಲವಾಗಿ ಎಳೆದ. ನಾನೂ ಇರಬಹುದೆಂದೆ. ಆಮೇಲೆ ಇಬ್ಬರೂ ಕೂತು ವೈರುಗಳನ್ನು ನೋಡಿದೆವು. ಕಿಡಿ ಹುಟ್ಟಿಸುವ ಮ್ಯಾಗ್ನೆಟೋದಿಂದ ಒಂದು ತೆಳು ತಂತಿ ಹೊರಟು ಮಿಕ್ಕ ತಂತಿಗಳ ಕಟ್ಟಿನೊಳಗೆ ಸೇರಿ ಎಲ್ಲಿಗೋ ಹೋಗುತ್ತಿತ್ತು.

"ಇಷ್ಟೊಂದು ವೈರು ಯಾಕಪ್ಪಾ ಬಿಟ್ಟವ್ನೆ ದೊರೆ?" ಎಂದ ಗೆಳೆಯ. "ಕಿಡಿ ಅಲ್ಲಿ ಹುಟ್ತದೆ, ಇಲ್ಲಿಗೆ ಬರ್ಬೇಕು. ನಡುವೆ ಈ ದಳ್ಳಾಳಿಗಳು ಯಾಕೆ? ತೆಗ್ದು ಬಿಸಾಕು. ಡೈರೆಕ್ಟ್ ಮಾಡು."

ಡೈರೆಕ್ಟ್ ಮಾಡುವುದು ನಮ್ಮ ಕಸುಬಿನ ಸಂಜೀವಿನಿ. ಸ್ವಿಚ್ಚು ಕೆಟ್ಟರೆ ಡೈರೆಕ್ಟು, ಹಾರನ್ನು ಕೆಟ್ಟರೆ ಡೈರೆಕ್ಟು. ಕಡೂರಿನ ಅರ್ಧ ಲಾರಿಗಳು ಹಾಗೆಯೇ ಓಡುತ್ತಿದ್ದವು. ಆ ತೆಳು ತಂತಿಯನ್ನು ಕಳಚಿದೆ. ಸೆಲ್ಫಿನ ಬೋಲ್ಟುಗಳಿಗೆ ಸ್ಕ್ರೂ ಡ್ರೈವರು ಒಂದು ಕ್ಷಣ ತಾಗಿಸಿ ನೋಡಿದರೆ ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ ಚಟಪಟ ಎಂದಿತು! ಗಾಡಿ ಒಂದಿಷ್ಟು ಜಗ್ಗಿದಂತೆ ಕಂಡಿತು. ಕಿಡಿಯ ಸಂತೋಷದಲ್ಲಿ ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಪ್ಲಗ್ಗು ಬಿಗಿದು, ಟೋಪಿ ಹಾಕಿದೆ. ಯಜಮಾನರು ಜಗಲಿ ಇಳಿದು, ಯಂತ್ರದ ಮುಂದೆ ಬಂದು, ಎರಡೂ ಕೈ ಕೋಲಿನ ಮೇಲಿಟ್ಟು ನಿಂತರು.

ಗೆಳೆಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಸ್ಕ್ರೂ ಡ್ರೈವರು ಅಡ್ಡ ಹಿಡಿದ.

ಇಂಜಿನ್ನು ಒಂದೇ ಏಟಿಗೆ ಹತ್ತಿಕೊಂಡಿತು. ಹತ್ತಿಕೊಂಡದ್ದೇ, ಸೀಟಿನ ಮೇಲೆ ಬರೀ ತೆಂಗಿನಕಾಯಿಯನ್ನು ಕೂರಿಸಿಕೊಂಡು, ಯಜಮಾನರ ಮೇಲೆ ಹೊರಟಿತು. ಹೊಟ್ಟೆಯ ಕೆಳಗೆ ಕತ್ತಿ ತಿರುಗುವ ಸದ್ದು ಆಗ ಕೇಳಿಸಿತು. ಗೆಳೆಯ ಎಳೆದದ್ದು ಬ್ರೇಕಲ್ಲ, ಕತ್ತಿಯ ಸನ್ನೆ.

ಯಜಮಾನರ ಕಾಲು ಅಲುಗಲಿಲ್ಲ, ಅಲುಗುವಂತಿರಲಿಲ್ಲ. ಜಗಲಿಯ ಕಂಬಕ್ಕೆ ಒರಗಿದ್ದ ತಮ್ಮ ಹೇಗೆ ಹಾರಿದನೋ, ಅಣ್ಣನ ಸೊಂಟಕ್ಕೆ ಕೈಹಾಕಿ ಎಳೆದುಕೊಂಡು ಪಕ್ಕಕ್ಕೆ ಬಿದ್ದ. ಕೋಲು ಕೆಳಗೆ ಬಿತ್ತು. ಯಂತ್ರ ಅದರ ಮೇಲೆ ಹಾದುಹೋಯಿತು. ಮರವನ್ನು ಅಗಿಯುವ ಸದ್ದು ಕೇಳಿಸಿತು, ಪಕ್ಕದಿಂದ ಸಿಬಿರುಗಳು ಹಾರಿದವು. ನಾನು ಓಡಿಹೋಗಿ ಕೀಲಿ ತಿರುಗಿಸಿದೆ. ನಿಲ್ಲಲಿಲ್ಲ, ನಿಲ್ಲಿಸುವ ತಂತಿಯನ್ನೇ ನಾವು ಕಳಚಿದ್ದೆವಲ್ಲ. ಅದು ತೋಟದ ಮೊದಲ ತೆಂಗಿನ ಪಾತಿಯ ಏರಿಗೆ ಮೂತಿ ಹೊಡೆದು ಸಿಕ್ಕಿಕೊಂಡಿತು, ಹಿಂದಿನ ಚಕ್ರ ಮಣ್ಣು ತೋಡುತ್ತಿತ್ತು. ಟವೆಲು ಸುತ್ತಿದ ಕೈಯಲ್ಲಿ ಪ್ಲಗ್ಗಿನ ಟೋಪಿ ಕಿತ್ತೆ. ಭುಜದವರೆಗೂ ಹೊಡೆದ ಕರೆಂಟನ್ನು ಪ್ರಸಾದವೆಂದು ಸ್ವೀಕರಿಸಿದೆ. ಸದ್ದು ನಿಂತಿತು.

ಮಣ್ಣು ಕೊಡವಿಕೊಂಡು ಎದ್ದ ತಮ್ಮನ ಬಾಯಲ್ಲಿ ಈಗ ತಮಾಷೆಯಿರಲಿಲ್ಲ. "ಸಾಕು ಅಣ್ಣಾ. ತೋಟ ನಿಂದೇ ಇರ್ಲಿ, ಉಸ್ತುವಾರಿನೂ ನಿಂದೇ ಅನ್ಕೋ, ನಾ ಕೆಲ್ಸ ಮಾಡ್ತೀನಿ. ಈ ಮಾರಿನ ಮಾತ್ರ ಮನೆಯಿಂದಾಚೆ ಕಳ್ಸು."

ಯಜಮಾನರು ಕೋಲಿನ ಚೂರುಗಳನ್ನು ನೋಡುತ್ತಾ ಕೂತಿದ್ದರು.

ನಾನು ಯಂತ್ರದ ಹತ್ತಿರ ಹೋದೆ. ಏರಿಗೆ ಗುದ್ದಿದ ಪೆಟ್ಟಿಗೆ ತೆಂಗಿನಕಾಯಿ, ಪಂಚೆ ಎಲ್ಲ ಉರುಳಿ, ಸೀಟು ಮುಂದಕ್ಕೆ ಮಗುಚಿಕೊಂಡಿತ್ತು. ಅದಕ್ಕೆ ಕೀಲು ಇದೆಯೆಂದು ನಮಗೆ ಗೊತ್ತೇ ಇರಲಿಲ್ಲ. ಸೀಟಿನ ಅಡಿಯಲ್ಲಿ, ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಕಪ್ಪು ಸ್ವಿಚ್ಚು. ಅದರ ತಲೆಯ ಮೇಲೆ ಸ್ಪ್ರಿಂಗಿನ ಗುಬಟು. ಕೆಳಗಿನಿಂದ ತಂತಿಗಳು ಬಂದು ಅದಕ್ಕೆ ಸೇರಿದ್ದವು. ನಾನು ಕಳಚಿದ ತೆಳು ತಂತಿಯ ಇನ್ನೊಂದು ತುದಿಯೂ ಅಲ್ಲಿತ್ತು.

ಟೆಸ್ಟ್ ಲ್ಯಾಂಪು ತಂದೆ. ಗೇರು ಬಿಡಿಸಿ, ಕತ್ತಿಯ ಸನ್ನೆಯನ್ನು ಹಿಂದಕ್ಕೆ ತಳ್ಳಿ, ಕೀಲಿಯಿಂದ ಹೊರಟ ತಂತಿಯನ್ನು ಬೆರಳಲ್ಲೇ ಹಿಡಿದು ಹೋದೆ. ಅದು ಮೊದಲು ಎಡಗಾಲ ಬಳಿಯ ಬ್ರೇಕ್ ಪೆಡಲಿನ ಹಿಂದೆ ಒಂದು ಸ್ವಿಚ್ಚಿಗೆ ಹೋಗುತ್ತಿತ್ತು. ಅಲ್ಲಿಂದ ಕತ್ತಿಯ ಸನ್ನೆಯ ಬುಡದ ಇನ್ನೊಂದಕ್ಕೆ. ಅಲ್ಲಿಂದ ಸೀಟಿನ ಕೆಳಕ್ಕೆ. ಅಲ್ಲಿಂದ ಸೆಲ್ಫಿಗೆ. ಗೆಳೆಯನಿಗೆ ಪೆಡಲು ಅದುಮಿ ಕೀಲಿ ಹಿಡಿಯಲು ಹೇಳಿ, ನಾನು ಗುಬಟನ್ನು ಹೆಬ್ಬೆರಳಲ್ಲಿ ಒತ್ತಿದೆ.

ಸೆಲ್ಫ್ ಗರ್ರೆಂದಿತು. ಬೆರಳು ತೆಗೆದೆ, ನಿಂತಿತು. ಒತ್ತಿದೆ, ತಿರುಗಿತು.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಯಂತ್ರಕ್ಕೆ ಯಾವ ಕಾಯಿಲೆಯೂ ಇರಲಿಲ್ಲ. ಬ್ಯಾಟರಿ ಕೊಟ್ಟ ಮೊದಲ ದಿನವೇ ಅದು ಹೊರಡಲು ಸಿದ್ಧವಿತ್ತು. ನನ್ನ ಮೇಲೆ ಒಬ್ಬ ಮನುಷ್ಯ ಕೂತಿದ್ದಾನೆಯೇ, ಅವನ ಕಾಲು ಬ್ರೇಕಿನ ಮೇಲಿದೆಯೇ, ಕತ್ತಿ ಸುಮ್ಮನಿದೆಯೇ ಎಂದು ಅದು ಕೇಳುತ್ತಿತ್ತು, ಅಷ್ಟೇ. ಮೂರಕ್ಕೂ ಹೌದೆನ್ನದವನಿಗೆ ಅದು ಸೆಲ್ಫು ಕೊಡದು, ಸೀಟು ಖಾಲಿಯಿದ್ದರೆ ಕಿಡಿಯನ್ನೂ ಕೊಡದು. ನಾವೋ, ಭಯಭಕ್ತಿಯಿಂದ ಸೀಟಿನ ಮೇಲೆ ತೆಂಗಿನಕಾಯಿ ಇಟ್ಟು ಪಕ್ಕದಲ್ಲಿ ನಿಂತಿದ್ದೆವು. ಕಾಯಿಯ ತೂಕಕ್ಕೆ ಆ ಸ್ಪ್ರಿಂಗು ಮಣಿಯಲಿಲ್ಲ.

ನಾನು ಬೆರಗಾದದ್ದು ಜಾಣತನಕ್ಕಲ್ಲ. ಜಾಣ ಯಂತ್ರಗಳನ್ನು ಅಷ್ಟಿಷ್ಟು ನೋಡಿದ್ದೆ. ಎಲ್ಲೋ ಸಮುದ್ರದಾಚೆ ಯಾವನೋ ಒಬ್ಬ, ಸಿಂಗಟಗೆರೆಯ ಹೆಸರೇ ಕೇಳದವನು, ಮೇಜಿನ ಮುಂದೆ ಕೂತು, 'ಇದರ ಮೇಲೆ ಕೂತವನು ಜಾರಿ ಬಿದ್ದರೆ?' ಎಂದು ಯೋಚಿಸಿದ್ದ. ಯೋಚಿಸಿ, ಬಿದ್ದವನ ಮೈಗೆ ಕತ್ತಿ ತಾಗುವ ಮುಂಚೆ ಇಂಜಿನ್ನಿನ ಉಸಿರು ಕಟ್ಟುವ ಹಾಗೆ ಒಂದು ತಂತಿ ಎಳೆದಿದ್ದ. ಕಾಣದ ಮನುಷ್ಯನ ಮೈಯನ್ನು ಅಷ್ಟು ದೂರದಿಂದ ಕಾಯುವುದು ದೇವರ ಕೆಲಸವೆಂದು ನಾನು ತಿಳಿದಿದ್ದೆ. ಒಂದು ಸ್ವಿಚ್ಚೂ ಅದನ್ನು ಮಾಡಬಲ್ಲುದೆಂದು ಯಾರೂ ಹೇಳಿರಲಿಲ್ಲ. ಆ ತಂತಿಯನ್ನೇ ನಾವು ದಳ್ಳಾಳಿ ಎಂದು ಕಿತ್ತಿದ್ದೆವು.

ತಂತಿಯನ್ನು ಇದ್ದ ಜಾಗಕ್ಕೆ ಸೇರಿಸಿ, ಸೀಟನ್ನು ಮತ್ತೆ ಕೂರಿಸಿ, ಯಜಮಾನರ ಹೆಂಡತಿಯ ಮುಂದೆ ನಿಂತೆ. "ಅಮ್ಮಾ, ಒಂದು ಮಾತು. ಇದು ಶುರುವಾಗ್ಬೇಕಾದ್ರೆ ಯಜಮಾನ್ರು ಮೇಲೆ ಕೂರ್ಲೇಬೇಕು. ಹಬ್ಬಕ್ಕೆ ಮುಂಚೇನೇ. ಈಗ್ಲೇ."

ಅವರು ಒಂದು ಗಳಿಗೆ ನನ್ನನ್ನೂ ಯಂತ್ರವನ್ನೂ ನೋಡಿದರು. "ಬಲಿ ಅಂತೂ ಅದೇ ತಗಂಡೈತೆ, ಕೋಲು. ಇನ್ನು ಕಾಯಿ ಒಡೆಯೋದು ತಾನೇ?" ಎಂದು, ಉರುಳಿ ಬಿದ್ದಿದ್ದ ಕಾಯಿಯನ್ನೇ ತೊಳೆದು, ಕರ್ಪೂರ ಹಚ್ಚಿ, ಚಕ್ರದ ಮುಂದೆ ಒಡೆದರು. ಶಾಸ್ತ್ರ ಅಷ್ಟು ಬೇಗ ಬಗ್ಗಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ತಮ್ಮ ಗೊಣಗುತ್ತಲೇ ಹೆಗಲು ಕೊಟ್ಟ. ಯಜಮಾನರು ಸೀಟಿನಲ್ಲಿ ಕೂತು, ಪಂಚೆ ಸರಿಮಾಡಿಕೊಂಡು, ಎಡಗಾಲನ್ನು ಕೈಯಲ್ಲೇ ಎತ್ತಿ ಪೆಡಲಿನ ಮೇಲಿಟ್ಟರು. ಕೀಲಿ ತಿರುಗಿಸಿದರು.

ಏನೂ ಇಲ್ಲ.

"ಅದುಮಿ ಯಜಮಾನ್ರೇ. ಪೂರ್ತಿ ಅದುಮಿ."

ಅವರು ಹಲ್ಲು ಕಚ್ಚಿ ಅದುಮಿದರು. ಕಾಲು ನಡುಗಿತು, ಹಣೆಯಲ್ಲಿ ಬೆವರೊಡೆಯಿತು. ಪೆಡಲು ಅರ್ಧ ಇಳಿದು ನಿಂತಿತು. ಪೆಡಲಿನ ಹಿಂದಿನ ಸ್ವಿಚ್ಚು ಕೂಡಿಕೊಳ್ಳಲು ಇನ್ನೂ ಎರಡು ಬೆರಳು ಇಳಿಯಬೇಕಿತ್ತು. ಮತ್ತೆ ಅದುಮಿದರು, ಮತ್ತೆ ಅಲ್ಲೇ ನಿಂತಿತು. ಅವರು ಕೀಲಿ ಬಿಟ್ಟರು.

"ನನ್ ಕೈಲಿ ಆಗಲ್ಲ ಅಂತ ಮನೆಯೋರಿಗೆ ಗೊತ್ತಿತ್ತು" ಎಂದರು. "ಇದಕ್ಕೂ ಗೊತ್ತಾಗೋಯ್ತು."

ಗೆಳೆಯ ನನ್ನನ್ನು ಪಕ್ಕಕ್ಕೆ ಎಳೆದ. "ಸೀಟಿಂದು ಇರ್ಲಿ ಕಣೋ, ಒಪ್ತೀನಿ. ಪೆಡಲ್ ಸ್ವಿಚ್ಚಿಂದು ಎರಡು ವೈರು ಸೇರಿಸಿ ಹೊಸೆದ್ಬಿಡು. ಯಾರಿಗೆ ಗೊತ್ತಾಗ್ತದೆ? ಗೇರಲ್ಲಿ ಇಲ್ದೇ ಇದ್ರೆ ಆಯ್ತು. ಪಾಪ, ಆ ಮುಖ ನೋಡಕ್ಕಾಗ್ತಿಲ್ಲ."

ನನಗೂ ನೋಡಲಾಗುತ್ತಿರಲಿಲ್ಲ. ಎರಡು ತಂತಿ ಹೊಸೆಯಲು ಒಂದು ಬೀಡಿ ಸೇದುವಷ್ಟು ಹೊತ್ತೂ ಬೇಡ. ಹೊಸೆದರೆ ಈಗಲೇ ತೋಟ ಸುತ್ತಬಹುದು, ಮಾತು ಉಳಿಯುತ್ತದೆ, ನಾನು ಕಡೂರಿಗೆ ಹೋಗಿ ಊಟ ಮಾಡಬಹುದು. ಬಗ್ಗಿ ಆ ತಂತಿಗಳನ್ನು ಕೈಯಲ್ಲಿ ಹಿಡಿದೂ ಇದ್ದೆ. ಆಗ ಹೊಳೆದದ್ದು ಇಷ್ಟೆ: ಈ ಪೆಡಲು ಬರೀ ಸ್ಟಾರ್ಟಿಗಲ್ಲ, ನಿಲ್ಲಿಸುವುದಕ್ಕೂ ಇದೇ. ಇದನ್ನು ಅದುಮಲಾಗದವನು ಹೊರಡಬಹುದು, ನಿಲ್ಲಲಾರ. ಸ್ವಿಚ್ಚು ಅವರನ್ನು ಹೀಗಳೆಯುತ್ತಿರಲಿಲ್ಲ, ನಿಜ ಹೇಳುತ್ತಿತ್ತು. ನಿಜ ಹೇಳುವವನ ಬಾಯಿ ಕಟ್ಟುವುದು ರಿಪೇರಿಯಲ್ಲ.

"ಇಲ್ಲ ಕಣೋ" ಎಂದೆ. "ಸ್ವಿಚ್ಚು ಹಂಗೇ ಇರ್ಲಿ. ಪೆಡಲು ಬದ್ಲಾಗ್ಬೇಕು. ಕಾಲಲ್ಲಿ ಆಗ್ದಿದ್ರೆ ಕೈಲಿ ಎಳೀಲಿ."

"ಹಬ್ಬ ನಾಡಿದ್ದು ಕಣೋ!"

"ಅದಕ್ಕೇ ಹೇಳ್ತಿರೋದು, ನಿಂತ್ಕಂಡಿರ್ಬೇಡ, ಅಳತೆ ತಗೋ."

ಅವನು ಬಾಯಿಗೆ ಬಂದದ್ದೆಲ್ಲ ಬಯ್ದ. ಬಯ್ಯುತ್ತಲೇ ತೆಂಗಿನ ಗರಿಯ ಕಡ್ಡಿಯಲ್ಲಿ ಪೆಡಲಿನ ಅಳತೆ ತೆಗೆದು, ಅದರ ತೋಳನ್ನು ಬಿಚ್ಚಿಕೊಂಡು ಅಜ್ಜಂಪುರಕ್ಕೆ ಹೋದ. ನಾನು ಅಲ್ಲೇ ಉಳಿದು, ಇಲಿ ಕಡಿದ ಕಡೆಗಳಲ್ಲಿ ತಂತಿಗೆ ಟೇಪು ಸುತ್ತಿ, ಸ್ವಿಚ್ಚುಗಳನ್ನು ಒಂದೊಂದಾಗಿ ಬಿಚ್ಚಿ ಒರೆಸಿ ಕೂಡಿಸಿದೆ. ಅಷ್ಟು ಸಣ್ಣ ಸಾಮಾನುಗಳನ್ನು ಅಷ್ಟು ಮರ್ಯಾದೆಯಿಂದ ಮುಟ್ಟಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಹಬ್ಬದ ಬೆಳಿಗ್ಗೆ ಗೆಳೆಯ ಬಂದಾಗ ಅವನ ಹೆಗಲ ಮೇಲೆ, ಹಳೆಯ ಟ್ರ್ಯಾಕ್ಟರಿನದೊಂದು ಸನ್ನೆಯನ್ನು ಕಡಿದು ಪೆಡಲಿನ ತೋಳಿಗೆ ವೆಲ್ಡು ಮಾಡಿದ ಉದ್ದನೆಯ ಸರಳಿತ್ತು. ಕೈ ಹಿಡಿಯುವ ಕಡೆ ಸೈಕಲ್ಲಿನ ರಬ್ಬರು ಹಿಡಿ ಹಾಕಿ, ಬೆಳ್ಳಿ ಬಣ್ಣ ಬೇರೆ ಬಳಿದಿದ್ದ. ಕೂಡಿಸಿ ನೋಡಿದೆವು. ಕೂತವರ ಎಡಗೈಗೆ ಸರಿಯಾಗಿ ಸಿಗುತ್ತಿತ್ತು, ಎಳೆದರೆ ಪೆಡಲು ತಳ ಮುಟ್ಟುತ್ತಿತ್ತು.

ಜಗಲಿಯ ಮೇಲೆ ಮನೆಯ ಹಿರಿಯರು ಸಾಲಾಗಿ ಕೂತಿದ್ದರು. ಕುಡುಗೋಲು, ನೇಗಿಲು, ನನ್ನ ಸ್ಕ್ರೂ ಡ್ರೈವರು ಎಲ್ಲಕ್ಕೂ ಕುಂಕುಮ ಬಿದ್ದಿತ್ತು. ಯಜಮಾನರು ಸೀಟಿನಲ್ಲಿ ಕೂತರು. ಕತ್ತಿಯ ಸನ್ನೆ ಹಿಂದೆ. ಗೇರು ಬಿಟ್ಟಿದೆ. ಎಡಗೈಯಲ್ಲಿ ಸರಳನ್ನು ಎಳೆದು ಹಿಡಿದು, ಬಲಗೈಯಲ್ಲಿ ಕೀಲಿ ತಿರುಗಿಸಿದರು.

ಯಂತ್ರ ಒಂದು ಸಲ ಗರ್ರೆಂದು, ಆಮೇಲೆ ನುಣ್ಣಗೆ ಉಸಿರಾಡತೊಡಗಿತು. ನಾವು ಯಾರೂ ಅದನ್ನು ಮುಟ್ಟಿರಲಿಲ್ಲ. ನನ್ನ ರೋಮ ನಿಮಿರಿದವು. ಎಷ್ಟೋ ಸೆಲ್ಫು ಎತ್ತಿಸಿದವನಿಗೆ ಹಾಗಾಗಬಾರದು, ಆದರೂ ಆಯಿತು.

ಅವರು ಅಂಗಳದಲ್ಲಿ ಹಿಂದೆ ಮುಂದೆ ಹೋಗಿ, ನಿಲ್ಲಿಸಿ, ಮತ್ತೆ ಹೊರಟು ಕೈ ಪಳಗಿಸಿಕೊಂಡರು. ಆಮೇಲೆ ಕತ್ತಿಯ ಸನ್ನೆ ಎಳೆದು, ಯಾರ ಕಡೆಗೂ ನೋಡದೆ ತೋಟಕ್ಕೆ ಇಳಿದರು. ಹಿಂದೆ ಹಸಿ ಹುಲ್ಲಿನ ವಾಸನೆ ಬಂತು. ಮರಗಳ ನಡುವೆ ಅವರ ಬಿಳಿ ರುಮಾಲು ಕಂಡು, ಮರೆಯಾಗಿ, ಕಂಡು, ಕೊನೆಗೆ ಮರೆಯಾಗೇ ಹೋಯಿತು. ಸದ್ದು ಮಾತ್ರ ಕೆರೆಯ ಕಡೆಯಿಂದ ಕೇಳಿಸುತ್ತಿತ್ತು. ಹಿರಿಯರಲ್ಲೊಬ್ಬರು ಎಲೆಯಡಿಕೆ ಚೀಲ ಬಿಚ್ಚಿದರು.

ತಟಕ್ಕನೆ ಸದ್ದು ನಿಂತಿತು.

ಎಲ್ಲರಿಗಿಂತ ಮೊದಲು ಓಡಿದ್ದು ತಮ್ಮ. "ಅಣ್ಣಾ! ಅಣ್ಣೋ!" ಎಂದು ಕೂಗಿಕೊಂಡೇ ಓಡಿದ. ಅವನ ಹಿಂದೆ ನಾನು, ನನ್ನ ಹಿಂದೆ ಗೆಳೆಯ. ಸೀಟು ಖಾಲಿಯಾಗದ ಹೊರತು ಆ ಇಂಜಿನ್ನು ಹಾಗೆ ನಿಲ್ಲುವುದಿಲ್ಲವೆಂದು ನನಗೆ ಗೊತ್ತಿ‍ತ್ತು. ಗೊತ್ತಿದ್ದದ್ದರಿಂದಲೇ ಹಾದಿ ಬಿಟ್ಟು ಪಾತಿಗಳ ಮೇಲೇ ಓಡಿದೆ. ಕೆರೆಯ ಅಂಚಿನ ಸಾಲಿನಲ್ಲಿ ಯಂತ್ರ ನಿಂತಿತ್ತು. ಸೀಟು ಖಾಲಿ.

ಯಜಮಾನರು ಪಕ್ಕದ ಮರವನ್ನು ಒಂದು ಕೈಯಲ್ಲಿ ತಬ್ಬಿ ನಿಂತು ಮೇಲೆ ನೋಡುತ್ತಿದ್ದರು.

"ಬಿದ್ಯೇನಣ್ಣಾ?" ತಮ್ಮನಿಗೆ ಏದುಸಿರು.

"ಬಿದ್ದಿಲ್ಲ ಕಣೋ, ಇಳಿದೆ. ನಾನು ಇಳಿದ್ನಲ್ಲ, ಅದೂ ಸುಮ್ನಾಯ್ತು." ಅವರು ಕಣ್ಣು ಕೆಳಗಿಳಿಸಲಿಲ್ಲ. "ಬಾ ಇಲ್ಲಿ. ಮೇಲೆ ನೋಡು. ಗರಿಯೆಲ್ಲ ಕತ್ತರೀಲಿ ಕತ್ತರಿಸ್ದಂಗೆ ಕಾಣ್ತಿಲ್ವಾ? ಸುಳಿಗೆ ದುಂಬಿ ಬಿದ್ದೈತೆ. ಆ ಪಕ್ಕದ್ದಕ್ಕೂ ಬಿದ್ದೈತೆ. ದಿನಾ ಇದ್ರ ಕೆಳಗೇ ಓಡಾಡ್ತೀಯಲ್ಲೋ, ಕಾಣ್ಲಿಲ್ವಾ?"

ತಮ್ಮ ತಲೆಯೆತ್ತಿ ನೋಡಿದ. ಬಹಳ ಹೊತ್ತು ನೋಡಿದ.

"ಇಲ್ಲ ಅಣ್ಣಾ."

"ನಾಳೆ ಬೆಳಿಗ್ಗೆ ಮರ ಹತ್ತೋವ್ನ ಕರ್ಕಂಡ್ ಬಾ. ಈ ಸಾಲು ಪೂರ್ತಿ ತೋರಿಸ್ಬೇಕು."

"ಬತ್ತೀನಿ ಅಣ್ಣಾ" ಎಂದು ತಮ್ಮ, ಹಿಂದೆ ಬಂದು ನಿಂತಿದ್ದ ಹಿರಿಯರ ಎದುರಿಗೇ, ಅಣ್ಣ ಹಿಡಿದು ಸೀಟು ಹತ್ತಲೆಂದು ಹೆಗಲು ಬಗ್ಗಿಸಿದ.